ಶಿವಬಸಮ್ಮನ ಚಪ್ಪಲಿ ಮತ್ತು ವೈಕುಂಠದ ಬಾಗಿಲು

ನಮ್ಮತ್ತೆ ನಾರಾಯಣಮ್ಮನಿಗೆ ಸಾಯುವ ಭಯ ಇಲ್ಲ. ಸತ್ತ ಮೇಲೆ ಮಾತಾಡಲು ಜನ ಸಿಗದಿದ್ದರೆ ಏನು ಗತಿ ಎಂಬುದೊಂದೇ ಭಯ.

ಉತ್ತರಹಳ್ಳಿಯಲ್ಲಿ ಒಂದು ಕಾಲಕ್ಕೆ ನಮ್ಮ ರಾಗಿ ಹೊಲವಿದ್ದ ಕಡೆ ಈಗ ನಮ್ಮ ನಾಲ್ಕಂತಸ್ತಿನ ಮನೆಯಿದೆ. ಕೆಳಗಿನ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗಿರುವವರು ಶಿವಬಸಮ್ಮ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಇಡೀ ಬೀದಿಯ ಸುದ್ದಿ. ಅವರೆಕಾಯಿ ಕಾಲ ಬಂತೆಂದರೆ ಇಬ್ಬರೂ ಸಂಜೆ ಗೇಟಿನ ಪಕ್ಕದ ಕಟ್ಟೆಯಲ್ಲಿ ಕೂತು ಅವರೆ ಹಿದುಕುತ್ತಾರೆ, ಅಕ್ಕಪಕ್ಕದವರ ಸಿಪ್ಪೆಯನ್ನೂ ಸುಲಿಯುತ್ತಾರೆ. ಸೊಸೆಯಾದ ನನಗೆ ಆ ಕಟ್ಟೆಯಲ್ಲಿ ಜಾಗವಿಲ್ಲ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಸುದ್ದಿ ನನ್ನದೇ ಇರಬೇಕು.

ಒಂದು ಸಂಜೆ ಅತ್ತೆ ಕೇಳಿದರು. "ಅಮ್ಮಿ, ಸತ್ಮೇಲೆ ನಾನಂತೂ ವೈಕುಂಠಕ್ಕೆ ಹೋಗ್ತೀನಿ. ನೀನೆಲ್ಲಿಗೆ?"

"ನಮ್ಮಲ್ಲಿ ಹೋಗೋದು ಬರೋದು ಏನೂ ಇಲ್ಲ ಅಕ್ಕ. ಲಿಂಗದಲ್ಲಿ ಸೇರ್ಕೊಂಡ್ಬಿಡೋದು."

"ಸೇರ್ಕೊಂಡು?"

"ಸೇರ್ಕೊಂಡ್ಮೇಲೆ ಇನ್ನೇನಿದೆ, ಮುಗೀತು."

"ಮತ್ತೆ ಸಾಯಂಕಾಲದ ಹೊತ್ತು ಏನ್ ಮಾಡ್ತೀಯ?"

ಶಿವಬಸಮ್ಮ ಇನ್ನೊಂದು ಹಿಡಿ ಅವರೆಯನ್ನು ಮಡಿಲಿಗೆ ಹಾಕಿಕೊಂಡರು. ಅತ್ತೆಗೆ ಎರಡು ದಿನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ವೈಕುಂಠ ಏಕಾದಶಿ ಹತ್ತಿರ ಬಂದಿತ್ತು. ಅವತ್ತು ದೇವಸ್ಥಾನದಲ್ಲಿ ಕಟ್ಟುವ ವೈಕುಂಠದ ಬಾಗಿಲನ್ನು ದಾಟಿದವರಿಗೆ ಅಲ್ಲಿ ಸೀಟು ಖಾಯಂ ಎಂದು ಅತ್ತೆಯ ನಂಬಿಕೆ. ಶಿವಬಸಮ್ಮನನ್ನೂ ದಾಟಿಸಿಬಿಟ್ಟರೆ ಆಯಿತಲ್ಲ! ಅವರಿಗೆ ಮಾತ್ರ ಈ ವಿಷಯ ಹೇಳಲಿಲ್ಲ. "ಲಾಡು ಕೊಡ್ತಾರೆ, ಬಾ" ಎಂದರು. ಶಿವಬಸಮ್ಮ ಲಾಡಿಗೆ ಇಲ್ಲ ಎಂದವರಲ್ಲ. ಕಾವಲಿಗೆ ನಾನು.

ಬೆಳಿಗ್ಗೆ ಆರಕ್ಕೆ ಸಾಲಿನಲ್ಲಿ ನಿಂತೆವು. ಬಾಗಿಲು ಕಂಡಾಗ ಒಂಬತ್ತೂವರೆ. ಬಾಗಿಲೆಂದರೆ ಥರ್ಮಾಕೋಲಿನದು, ಮೇಲೊಂದಿಷ್ಟು ಚೆಂಡುಹೂವು. ಅತ್ತೆ ಶಿವಬಸಮ್ಮನ ಬೆನ್ನಿಗೆ ಎರಡೂ ಕೈ ಕೊಟ್ಟು ಒಳಗೆ ದಬ್ಬಿದರು. ಮೂವರೂ ಆಚೆ ದಾಟಿದ ಮೇಲೆ ಅತ್ತೆಯ ಕಣ್ಣಲ್ಲಿ ನೀರು ತುಂಬಿತ್ತು.

"ಇನ್ ಚಿಂತೆ ಇಲ್ಲ ಕಣಮ್ಮಿ. ನೀನೂ ಬಂದಂಗಾಯ್ತು."

"ಎಲ್ಲಿಗೆ? ಅಯ್ಯೋ, ನನ್ ಚಪ್ಪಲಿ ಆ ಕಡೆ ಬಾಗಿಲ ಹತ್ರಾನೇ ಉಳೀತು!" ಎಂದವರೇ ಶಿವಬಸಮ್ಮ ಗರಕ್ಕನೆ ತಿರುಗಿ, ಎದುರು ಬರುತ್ತಿದ್ದ ಭಕ್ತರನ್ನು ಮೊಣಕೈಯಲ್ಲಿ ಸರಿಸುತ್ತ, ಅದೇ ಬಾಗಿಲಲ್ಲಿ ವಾಪಸ್ ಹೋಗಿಬಿಟ್ಟರು.

ಅತ್ತೆ ಕಿರುಚಿದ ರಭಸಕ್ಕೆ ನಾದಸ್ವರದವನು ಊದುವುದನ್ನೇ ನಿಲ್ಲಿಸಿದ. ಬಾಗಿಲ ಪಕ್ಕ ಮಾಧವ ಎಂಬ ಹೆಸರಿನ ಬ್ಯಾಡ್ಜ್ ಹಾಕಿಕೊಂಡು ನಿಂತಿದ್ದ ಸ್ವಯಂಸೇವಕನ ತೋಳು ಹಿಡಿದು ಕೇಳಿದರು. "ಒಳಗ್ ಬಂದು ಇದೇ ಬಾಗಿಲಲ್ಲಿ ಆಚೆ ಹೋದ್ರೆ, ಬಂದಿದ್ದು ಲೆಕ್ಕಕ್ಕೆ ಬರುತ್ತಾ ಸಾರ್?"

ನಾಲ್ಕು ಗಂಟೆಯಿಂದ "ಮುಂದೆ ನಡೀರಿ" ಎಂದು ಕೂಗಿ ಗಂಟಲು ಕಟ್ಟಿದ್ದ ಮಾಧವ ಒಂದು ಕ್ಷಣವೂ ಯೋಚಿಸಲಿಲ್ಲ. "ಇಲ್ಲಮ್ಮ. ಕ್ಯಾನ್ಸಲ್. ಮತ್ತೆ ಲೈನಲ್ಲಿ ಬರ್ಬೇಕು. ಮುಂದೆ ನಡೀರಿ!"

ಅತ್ತೆ ಬಾಗಿಲಾಚೆ ಕೂಗಿ ಗುಟ್ಟನ್ನೆಲ್ಲ ಹೇಳಿಬಿಟ್ಟರು. ವೈಕುಂಠ, ಕಟ್ಟೆ, ಅವರೆಕಾಯಿ, ಯಾವುದನ್ನೂ ಬಿಡಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಶಿವಬಸಮ್ಮ ಸಿಕ್ಕಿದ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. "ಇನ್ನೊಂದ್ಸಲ ಮೂರು ಗಂಟೆ ನಿಲ್ಲಕ್ಕೆ ಮಂಡಿ ಬಿಡಲ್ಲ ಅಕ್ಕ. ನೀವ್ ಹೋಗಿ. ನಂದು ಹೆಂಗೋ ಆಗುತ್ತೆ" ಎಂದರು. 

ಅತ್ತೆ ಒಮ್ಮೆ ಒಳಗಿನ ದೇವರನ್ನು ನೋಡಿದರು, ಒಮ್ಮೆ ಚಪ್ಪಲಿ ಹಿಡಿದವರನ್ನು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಜರುಗಿ, ಜರುಗಿ" ಎನ್ನುತ್ತ, ಬಂದ ಬಾಗಿಲಲ್ಲೇ ಹೊರಟರು.

"ಅತ್ತೆ, ನಿಮ್ದೂ ಕ್ಯಾನ್ಸಲ್ ಆಗುತ್ತೆ!" ಎಂದು ಕೂಗಿದೆ.

"ಆಗ್ಲಿ ಬಿಡೇ ಶಾಲಿನಿ! ಇವಳಿಲ್ದೆ ಅಲ್ಲಿ ಹೋಗಿ ಏನ್ ಮಾಡ್ಲಿ? ನೀನ್ ಈ ಕಡೆ ಬರ್ಬೇಡ, ಲಾಡು ಇಸ್ಕೊಂಡು ಸುತ್ತಾಕ್ಕೊಂಡ್ ಬಾ."

ಮೂರು ಲಾಡು ಹಿಡಿದು ವೈಕುಂಠದ ಕಡೆ ಒಬ್ಬಳೇ ನಿಂತೆ. ಸುಳ್ಳೇಕೆ, ಹೊಟ್ಟೆಯುರಿಯಿತು. ನನಗೋಸ್ಕರ ಯಾರೂ ಹೀಗೆ ವಾಪಸ್ ಬರುವವರಿಲ್ಲ.

ಸಂಜೆ ಅವರೆ ಹಿದುಕುವಾಗ ಕಟ್ಟೆಯ ಬಳಿ ಹೋದೆ. ಎಂದಿನಂತೆ ಮಾತು ನಿಂತಿತು. ಇಬ್ಬರೂ ನನ್ನ ಮುಖವನ್ನೇ ನೋಡಿದರು.

"ಪಾಪ, ಶಾಲಿನಿ ಒಬ್ಳೇ ಆಗೋದ್ಲಲ್ಲ ವೈಕುಂಠದಲ್ಲಿ" ಎಂದರು ಶಿವಬಸಮ್ಮ.

ಅತ್ತೆ ಕಟ್ಟೆಯ ಮೇಲೆ ಒಂಚೂರು ಸರಿದು ಜಾಗ ಮಾಡಿದರು. "ಬಾ, ಬದುಕಿರೋಗಂಟ ಇಲ್ಲೇ ಕೂತ್ಕೊ."