ಗೋಡೆಯ ಕಡೆಗಿದ್ದ ಪುಟ

ಪಂಪು ತಯಾರಿಸುವ ಕಂಪನಿಯೊಂದನ್ನು ಇಪ್ಪತ್ತೆರಡು ವರ್ಷ ನಡೆಸಿದವನು ನಾನು. ಅಲ್ಲಿ ನನ್ನದೊಂದು ಕಟ್ಟಪ್ಪಣೆಯಿತ್ತು: ಏನು ಹೇಳುವುದಿದ್ದರೂ ಒಂದೇ ಪುಟದಲ್ಲಿ ಹೇಳಬೇಕು, ನಾನು ಹಾಳೆ ತಿರುಗಿಸುವವನಲ್ಲ. ಕಂಪನಿ ಬಿಟ್ಟು, ನಗರದ ಬಸ್ಸುಗಳ ಮುಖ್ಯಾಧಿಕಾರಿಯಾಗಿ ಸರ್ಕಾರಿ ಕುರ್ಚಿಯಲ್ಲಿ ಕೂತ ಮೇಲೂ ಅದನ್ನೇ ಮುಂದುವರಿಸಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನಾನಂತೂ ಅದನ್ನು ಸಂದರ್ಶನಗಳಲ್ಲಿ ಹೇಳಿಕೊಂಡು ಮೆರೆದೆ.

ಕುರುಡು ಮಕ್ಕಳ ಶಾಲೆಯೊಂದಕ್ಕೆ ಸ್ವಂತ ದುಡ್ಡಿನಲ್ಲಿ ಹೊಸ ಕಟ್ಟಡ ಕಟ್ಟಿಸಿಕೊಡುತ್ತಿದ್ದೆ. ಅದು ಮುಗಿಯುವ ಹೊತ್ತಿಗೆ ಅಲ್ಲಿನ ಮುಖ್ಯೋಪಾಧ್ಯಾಯಿನಿಯಿಂದ ಪತ್ರ ಬಂತು. ಪುಟದ ತುಂಬ ನನ್ನ ಗುಣಗಾನ. ಓದಿ ಉಬ್ಬಿಹೋದೆ. ಕೊನೆಯ ಸಾಲು "ಈ ಸಂದರ್ಭದಲ್ಲಿ ತಮ್ಮಲ್ಲಿ" ಎಂದು ಅರ್ಧಕ್ಕೇ ನಿಂತಿತ್ತು, ಕೆಳಗೆ ಸಹಿಯೂ ಇರಲಿಲ್ಲ. ಅದೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಪತ್ರಕ್ಕೆ ಗಾಜಿನ ಫ್ರೇಮು ಹಾಕಿಸಿ, ಕಚೇರಿಗೆ ಬಂದವರಿಗೆಲ್ಲ ಕಾಣುವಂತೆ ಗೋಡೆಗೆ ತೂಗುಹಾಕಿಸಿದೆ.

"ಯಾರಾದ್ರೂ ಹೊಗಳಿದ್ರೆ ಸಾಕು, ನೀವು ಒಂದು ಗೇಣು ಉದ್ದ ಆಗ್ತೀರಿ," ಎಂದು ಹೆಂಡತಿ ನಕ್ಕಳು.

ಕಟ್ಟಡದ ಉದ್ಘಾಟನೆಯ ದಿನ ಮಕ್ಕಳು ಹಾಡಿದರು. ಹಾರ್ಮೋನಿಯಂ ಮುಂದೆ ಯಾರೂ ಇರಲಿಲ್ಲ. ಸಂಗೀತದ ಮೇಷ್ಟ್ರು ಎಲ್ಲಿ ಎಂದು ಪಕ್ಕದಲ್ಲಿದ್ದ ಮುಖ್ಯೋಪಾಧ್ಯಾಯಿನಿಯನ್ನು ಕೇಳಿದೆ. ಮೇಷ್ಟ್ರೂ ಹುಟ್ಟುಕುರುಡರು.

"ಆಸ್ಪತ್ರೇಲಿದ್ದಾರೆ ಸಾರ್. ಬಸ್ಸಿಳಿದು ರಸ್ತೆ ದಾಟೋವಾಗ ಸ್ಕೂಟರ್ ಗುದ್ದಿ ತೊಡೆಮೂಳೆ ಮುರೀತು. ಮೊದ್ಲು ಬಸ್ಸು ನಮ್ಮ ಗೇಟಿನ ಹತ್ರಾನೇ ನಿಲ್ತಿತ್ತಲ್ಲ."

ಆ ನಿಲ್ದಾಣವನ್ನು ರಸ್ತೆಯ ಆಚೆ ಬದಿಗೆ ಹಾಕಿಸಿದವನು ನಾನೇ. ಅದರಿಂದ ಪ್ರತಿ ಬಸ್ಸಿಗೂ ಎರಡು ನಿಮಿಷ ಉಳಿಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, "ಒಂದು ಮಾತು ನಂಗೆ ತಿಳಿಸಬಾರದಿತ್ತಾ?" ಎಂದೆ.

"ಪತ್ರದಲ್ಲಿ ಬರೆದಿದ್ವಲ್ಲ ಸಾರ್. ನೀವು ಅದಕ್ಕೆ ಫ್ರೇಮ್ ಹಾಕಿಸಿ ಇಟ್ಕೊಂಡಿದ್ದೀರಿ ಅಂತ ಗೊತ್ತಾಯ್ತು. ಅಷ್ಟು ಮನಸ್ಸಿಗೆ ತಗೊಂಡಿದ್ದಾರೆ, ಮಾಡೇ ಮಾಡ್ತಾರೆ ಅಂತ ಕಾದ್ವಿ. ಮತ್ತೆ ಮತ್ತೆ ಕೇಳೋದು ಮರ್ಯಾದೆ ಅಲ್ಲ ಅನ್ನಿಸ್ತು."

ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಲ್ಲಿಂದ ನೆಟ್ಟಗೆ ಕಚೇರಿಗೆ ಹೋಗಿ, ಬಾಗಿಲು ಹಾಕಿಕೊಂಡು, ಫ್ರೇಮು ಇಳಿಸಿ ಹಿಂದಿನ ರಟ್ಟು ಕಿತ್ತೆ. ಹಾಳೆಯ ಹಿಂಬದಿಯಲ್ಲಿ ನಾಲ್ಕೇ ಸಾಲು: "ಒಂದು ವಿನಂತಿ. ಬಸ್ ನಿಲ್ದಾಣವನ್ನು ದಯವಿಟ್ಟು ಹಳೆಯ ಜಾಗಕ್ಕೇ ತರಬೇಕು. ನಮ್ಮ ಮಕ್ಕಳೂ ಮೇಷ್ಟ್ರೂ ಹೆಜ್ಜೆ ಎಣಿಸಿ ನಡೆಯುವವರು. ಹೊಸ ದಾರಿ ಅವರಿಗೆ ದಕ್ಕುತ್ತಿಲ್ಲ." ಐದು ವಾರ ಅದು ಗೋಡೆಗೆ ಮುಖ ಮಾಡಿಕೊಂಡಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅಂದು ಸಂಜೆಯೇ ನಿಲ್ದಾಣ ಹಳೆಯ ಜಾಗಕ್ಕೆ ಬಂತು. ಅದಕ್ಕೂ ಪತ್ರಿಕೆಗಳು ನನ್ನನ್ನೇ ಹೊಗಳಿದವು.

ಮೇಷ್ಟ್ರು ಆಸ್ಪತ್ರೆಯ ಮಂಚದ ಮೇಲೆ ಅಂಗಾತ ಮಲಗಿದ್ದರು. ಕಾಲಿಗೆ ತೂಕ ಕಟ್ಟಿದ್ದರು. ನಾನು ಯಾರೆಂದು ಹೇಳಿದೆ. ಏನಾದರೊಂದು ಸುಳ್ಳು ಹೇಳಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ.

"ಹಿಂದಿನ ಪುಟ ನಾನು ಓದೇ ಇರಲಿಲ್ಲ ಮೇಷ್ಟ್ರೇ," ಎಂದೆ.

ಅವರು ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ತಪ್ಪು ನಂದೇ ಸಾರ್. ಕೆಲಸದ ಮಾತು ಮೊದ್ಲು ಬರೀತೀನಿ ಅಂತಾನೇ ಮೇಡಂ ಅಂದ್ರು. ಸಾಹೇಬ್ರು ದೊಡ್ಡೋರು, ಮೊದ್ಲು ಚೆನ್ನಾಗಿ ಹೊಗಳಿ ಆಮೇಲೆ ಕೇಳೋಣ ಅಂತ ನಾನೇ ಹೇಳಿದ್ದು."