ಠಾಣೆಯಲ್ಲಿ ಖಾಲಿಯಾಗುವ ಕಿಟಕಿ ಸೀಟು

ಡೊಂಬಿವಲಿಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಗೆ ಹತ್ತಿದ ಹೆಂಗಸು ಮೊದಲು ಮಾಡುವ ಕೆಲಸ ಉಸಿರು ತೆಗೆದುಕೊಳ್ಳುವುದಲ್ಲ, ವಿಚಾರಿಸುವುದು. ಕೂತವರ ಮುಖ ಒಂದೊಂದಾಗಿ ನೋಡುತ್ತ "ಕಹಾಂ ಉತರ್ನಾ?", ಎಲ್ಲಿ ಇಳಿಯುವುದು, ಎಂದು ಕೇಳುತ್ತ ಹೋಗಬೇಕು. ಯಾರಾದರೂ ಮುಂದಿನ ದೊಡ್ಡ ಸ್ಟೇಷನ್ "ಠಾಣೆ" ಎಂದರೋ, ಅಂದಿನ ಪುಣ್ಯ. ಆ ಗಳಿಗೆಯಿಂದ ಆ ಸೀಟು ಕೇಳಿದವಳದ್ದು. ಅದಕ್ಕೆ ಚೀಟಿಯಿಲ್ಲ, ಸಾಕ್ಷಿಯಿಲ್ಲ, ರೈಲ್ವೆಯ ಯಾವ ಕಾನೂನಿನಲ್ಲೂ ಅದರ ಸುದ್ದಿಯಿಲ್ಲ. ಆದರೂ ಠಾಣೆ ಬಂದಾಗ ಎದ್ದವಳು ತಾನು ಮಾತು ಕೊಟ್ಟವಳನ್ನು ಹುಡುಕಿ ಕೂರಿಸಿಯೇ ಇಳಿಯುತ್ತಾಳೆ. ನಡುವೆ ಬೇರೆ ಯಾರಾದರೂ ನುಗ್ಗಿ ಕೂತರೆ ಇಡೀ ಡಬ್ಬಿ ಅವಳ ಮೇಲೆ ಮುಗಿಬೀಳುತ್ತದೆ.

ಡೊಂಬಿವಲಿಯಿಂದ ದಿನಾ ಹೋಗಿ ದಾದರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ಜಯಲತಾಗೆ ಈ ಪದ್ಧತಿಯ ಮೇಲೆಯೇ ಸಂಶೋಧನೆ ಮಾಡಬೇಕೆಂಬ ಹುಚ್ಚು ಹತ್ತಿತ್ತು. ಹುಚ್ಚು ಎಂದದ್ದು ನಾವಲ್ಲ, ಅವಳ ಗಂಡ ಕಮಲಾಕ್ಷ. ಕಲ್ಯಾಣದಲ್ಲಿ ಹೋಟೆಲು ನಡೆಸುವ ಆತ ಮನೆಯಲ್ಲಿ ತುಳು ಬಿಟ್ಟು ಕನ್ನಡಕ್ಕೆ ಬಂದನೆಂದರೆ ತಮಾಷೆಗೆ ಇಳಿದ ಎಂದೇ ಅರ್ಥ. "ಟ್ರೈನಲ್ಲಿ ಕೂತ್ಕೊಳ್ಳಿಕ್ಕೆ ಸರ್ಕಾರ ದುಡ್ಡು ಕೊಡ್ತದಾ ಮಾರಾಯ್ತಿ? ಹಾಗಾದ್ರೆ ನಾನೂ ಒಂದು ಅರ್ಜಿ ಹಾಕ್ತೇನೆ" ಎಂದು ಅವನು ನಗುತ್ತಿದ್ದ.

ಸರ್ಕಾರ ಕೊಡುವಂತೆ ಕಾಣಲಿಲ್ಲ. ಸಂಶೋಧನೆಗೆ ಅನುದಾನ ಕೊಡುವ ಸಂಸ್ಥೆಗೆ ಅವಳು ಎರಡು ಸಲ ಪ್ರಸ್ತಾವ ಕಳಿಸಿದ್ದಳು. ಅಲ್ಲಿನ ಕ್ರಮ ಹೀಗೆ: ಅರ್ಜಿದಾರರ ಹೆಸರು ಮರೆಮಾಡಿ ಪ್ರಸ್ತಾವವನ್ನು ಇಬ್ಬರು ಪರಿಣತರಿಗೆ ಕಳಿಸುತ್ತಾರೆ, ಅವರು ಹೊಸತನಕ್ಕೆ ಇಷ್ಟು, ವಿಧಾನಕ್ಕೆ ಇಷ್ಟು, ಮಾಡಿ ಮುಗಿಸುವ ಸಾಧ್ಯತೆಗೆ ಇಷ್ಟು ಎಂದು ಅಂಕ ಹಾಕುತ್ತಾರೆ, ಅದರಲ್ಲಿ ಗೆದ್ದವರನ್ನು ಬೇಲಾಪುರದ ಕಚೇರಿಗೆ ಕರೆಸಿ ಸಮಿತಿಯ ಮುಂದೆ ನಿಲ್ಲಿಸುತ್ತಾರೆ. ಜಯಲತಾಳ ಮೊದಲ ಪ್ರಸ್ತಾವ "ಉದ್ದೇಶ ಸ್ಪಷ್ಟವಿಲ್ಲ" ಎಂಬ ಷರಾ ಹೊತ್ತು ವಾಪಸಾಯಿತು. ಎರಡನೆಯದಕ್ಕೆ ಬಂದ ಷರಾ "ಇದು ಎಲ್ಲರಿಗೂ ಗೊತ್ತಿರುವ ಸಂಗತಿ" ಎಂದು. ಗೊತ್ತಿರುವುದಕ್ಕೂ ಅದರ ಕಾರಣ ತಿಳಿದಿರುವುದಕ್ಕೂ ವ್ಯತ್ಯಾಸವಿದೆ ಎಂದು ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು? ಇನ್ನು ಉಳಿದದ್ದು ಒಂದೇ ಅವಕಾಶ. ನಲವತ್ತೈದು ದಾಟಿದವರಿಗೆ ಆ ಯೋಜನೆಯ ಬಾಗಿಲು ಮುಚ್ಚುತ್ತಿತ್ತು, ಅವಳಿಗೆ ಮುಂದಿನ ವರ್ಷ ನಲವತ್ತಾರು.

ಈ ಸಂಕಟವನ್ನೆಲ್ಲ ಅವಳು ತೋಡಿಕೊಳ್ಳುತ್ತಿದ್ದದ್ದು ಪಂಕಜಕ್ಕನ ಹತ್ತಿರ. ಮೈಸೂರಿನ ಪಂಕಜಾ ಠಾಣೆಯ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟು. ಕಲ್ಯಾಣದಲ್ಲೇ ಹತ್ತಿ ಕಿಟಕಿ ಸೀಟು ಹಿಡಿದು, ಬಟಾಣಿ ಬಿಡಿಸುತ್ತ ನೆಮ್ಮದಿಯಿಂದ ಬರುತ್ತಿದ್ದಳು. ಆಕೆ ಠಾಣೆಯಲ್ಲಿ ಎದ್ದರೆ ಆ ಸೀಟು ಜಯಲತಾಳದ್ದು, ದಾದರಿನವರೆಗೆ. ಎಷ್ಟೋ ವರ್ಷಗಳಿಂದ ಹಾಗೆಯೇ ನಡೆದಿತ್ತು.

ಮೂರನೆಯ ಪ್ರಸ್ತಾವದ ಕರಡನ್ನು ಪಂಕಜಕ್ಕ ಡೊಂಬಿವಲಿಯಿಂದ ಮುಂಬ್ರಾದವರೆಗೆ ಓದಿ, ಕನ್ನಡಕ ತೆಗೆದಳು.

"ಒಂದಕ್ಷರ ಅರ್ಥ ಆಗ್ಲಿಲ್ಲ ಕಣ್ರೀ. ನಗರೀಯ ಅನೌಪಚಾರಿಕ ಅಂತ ಏನೇನೋ ಬರ್ದಿದೀರ. ನಿಮ್ಗೆ ನಿಜವಾಗ್ಲೂ ಏನು ತಿಳ್ಕೋಬೇಕು? ಅಷ್ಟು ಹೇಳಿ."

"ಅದೇ ಪಂಕಜಕ್ಕ, ಗುರುತು ಪರಿಚಯ ಇಲ್ಲದವಳು ಕೊಟ್ಟ ಮಾತು ಯಾಕೆ ಉಳಿಸಿಕೊಳ್ತಾಳೆ ಅಂತ. ಅವಳಿಗೆ ಎಂತ ಲಾಭ ಉಂಟು ಅದ್ರಲ್ಲಿ?"

"ಮತ್ತೆ ಅದನ್ನೇ ಬರೀರಿ! ನಾನು ದಿನಾ ಫೈಲು ನೋಡೋಳು. ಮೊದಲ್ನೇ ಸಾಲಲ್ಲಿ ವಿಷಯ ಇಲ್ದಿದ್ರೆ ಎರಡನೇ ಸಾಲು ಯಾರೂ ಓದಲ್ಲ."

ಜಯಲತಾ ಅದನ್ನೇ ಬರೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ಬೇಲಾಪುರದಿಂದ ಕರೆ ಬಂತು.

ಸಮಿತಿಯನ್ನು ಕಾಣಬೇಕಾದ ದಿನ ಅವಳೂ ಠಾಣೆಯಲ್ಲಿ ಇಳಿದಳು, ಬೇಲಾಪುರದ ಗಾಡಿ ಹಿಡಿಯಬೇಕಿತ್ತು. ಪಂಕಜಕ್ಕ ಕಚೇರಿಗೆ ತಡವಾದರೂ ಸರಿ ಎಂದು ಪ್ಲಾಟ್‌ಫಾರ್ಮಿನವರೆಗೆ ಬಂದು, ಅವಳ ಸೆರಗಿನ ಪಿನ್ನು ಸರಿಮಾಡಿ, "ಅವ್ರು ಎಷ್ಟು ದೊಡ್ಡ ಮನುಷ್ರಾದ್ರೂ ನಿಂತ್ಕೊಂಡು ಬರೋ ಕಷ್ಟ ಅವ್ರಿಗೇನು ಗೊತ್ತು? ಧೈರ್ಯವಾಗಿ ಮಾತಾಡಿ" ಎಂದು ಕಳಿಸಿದಳು.

ಬೇಲಾಪುರದ ಆ ಕಟ್ಟಡದಲ್ಲಿ ಕಾಯುವ ಜನ ಹೆಚ್ಚು, ಕುರ್ಚಿ ಕಡಿಮೆ. ದೊಡ್ಡ ದೊಡ್ಡ ವಿದ್ವಾಂಸರು ಲ್ಯಾಪ್‌ಟಾಪ್ ತಬ್ಬಿಕೊಂಡು ಗೋಡೆಗೆ ಒರಗಿದ್ದರು. ಜಯಲತಾ ಅಭ್ಯಾಸದಂತೆ ಕೂತವರ ಮುಖ ಒಂದೊಂದಾಗಿ ನೋಡಿದಳು. ಪಕ್ಕದ ಕುರ್ಚಿಯಲ್ಲಿದ್ದ ಯುವಕ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದ. ಹೆಸರು ಚಿನ್ಮಯ್, ಖಾರ್ಘರಿನಲ್ಲಿ ಹಣಕಾಸು ಕಲಿಸುವವನು ಎಂದು ಆ ಮಾತಿನಲ್ಲೇ ಗೊತ್ತಾಯಿತು. ಅವನು ಫೋನಿಡುವುದನ್ನೇ ಕಾದು, ತಾನು ಎಲ್ಲಿದ್ದೇನೆ ಎಂಬುದನ್ನೂ ಮರೆತು ಜಯಲತಾ ಕೇಳಿಬಿಟ್ಟಳು.

"ನೀವು ಎಲ್ಲಿ ಇಳಿಯುವುದು?"

ಚಿನ್ಮಯ್ ಕಣ್ಣು ಪಿಳಿಪಿಳಿ ಬಿಟ್ಟ. "ಇಳಿಯೋದಾ? ಮೇಡಂ, ಇದು ಆಫೀಸು."

"ಅಯ್ಯೋ, ಅಲ್ಲ ಮಾರಾಯ್ರೆ, ನಿಮ್ಮ ಸರದಿ ನನ್ನದಕ್ಕಿಂತ ಮೊದ್ಲಾ ಅಂತ. ನೀವು ಎದ್ದ ಮೇಲೆ ಈ ಕುರ್ಚಿ ನಂಗೆ."

"ಓ, ಸೀಟ್ ಬುಕಿಂಗಾ! ಆಯ್ತು ಮೇಡಂ, ನಿಮ್ದೇ" ಎಂದು ಅವನು ನಕ್ಕ. ಅಲ್ಲಿದ್ದ ಅರ್ಧ ಜನ ಲೋಕಲಿನಲ್ಲೇ ಜೀವ ತೇಯ್ದವರು. ದಾರಿ ಸಿಕ್ಕಿದ್ದೇ ತಡ, ಒಬ್ಬೊಬ್ಬರೂ ಒಂದೊಂದು ಕುರ್ಚಿಯ ಮುಂದೆ ನಿಂತು ಮರಾಠಿಯಲ್ಲೋ ಹಿಂದಿಯಲ್ಲೋ ಅದೇ ಪ್ರಶ್ನೆ ಶುರುಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಕುರ್ಚಿಗಳಿಗೂ ಮುಂದಿನ ವಾರಸುದಾರರು ನಿಗದಿಯಾದರು.

ಚಿನ್ಮಯ್‌ನನ್ನು ಒಳಗೆ ಕರೆದರು. ಅವನು ಎದ್ದದ್ದೇ, ಆಗ ತಾನೆ ಪುಣೆಯಿಂದ ಕಾರಿನಲ್ಲಿ ಬಂದಿದ್ದ ಕೋಟು ಹಾಕಿದ ಪ್ರೊಫೆಸರೊಬ್ಬರು ಸಲೀಸಾಗಿ ಬಂದು ಆ ಕುರ್ಚಿಯಲ್ಲಿ ಕೂತುಬಿಟ್ಟರು. ಜಯಲತಾ ಬಾಯಿ ತೆರೆಯುವ ಮೊದಲೇ ನಾಲ್ಕು ದಿಕ್ಕಿನಿಂದ ಗದ್ದಲವೆದ್ದಿತು. ಅದು ಬುಕ್ ಆಗಿದೆ, ಏಳಿ. ಆ ಮೇಡಂ ಮೊದಲೇ ಕೇಳಿದ್ದಾರೆ. ಕುರ್ಚಿಯ ಮೇಲೆ ಯಾರ ಹೆಸರು ಬರೆದಿದೆ ಎಂದು ಪ್ರೊಫೆಸರರು ದಬಾಯಿಸಿದರು. ಆ ಒಂದು ಮಾತಿಗೆ ಗೋಡೆಗೆ ಒರಗಿದ್ದವರೂ ಮುಂದೆ ಬಂದರು.

ಬಾಗಿಲು ತೆರೆದು ಸಮಿತಿಯ ಅಧ್ಯಕ್ಷರೇ ಹೊರಗೆ ಇಣುಕಿದರು. "ಏನಿದು, ಸಂತೆಯೇ? ಯಾರು ಶುರು ಮಾಡಿದ್ದು?"

ಎಲ್ಲರೂ ಜಯಲತಾಳತ್ತ ನೋಡಿದರು. ಅಧ್ಯಕ್ಷರು ಅವಳ ಕೊರಳಿನ ಬಿಲ್ಲೆಯ ಮೇಲಿನ ಹೆಸರು ಓದಿ ಬಾಗಿಲು ಹಾಕಿಕೊಂಡರು. ಮುಗಿಯಿತು ಕಥೆ ಎಂದುಕೊಂಡಳು ಅವಳು. ಪ್ರೊಫೆಸರರು ಮುಖ ಊದಿಸಿಕೊಂಡು ಎದ್ದರು, ಅವಳು ಕೂತಳು. ಕೂತರೂ ಆ ಕುರ್ಚಿ ಹಿತವಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ಪ್ರೊಫೆಸರರು ಗಂಟಲು ಸರಿಮಾಡಿಕೊಂಡು, ದನಿ ತಗ್ಗಿಸಿ, "ನೀವು ಒಳಗೆ ಹೋದ ಮೇಲೆ ಇದು... ನನಗೆ?" ಎಂದು ಕೇಳಿದರು. ಜಯಲತಾಗೆ ಅಂಥ ಹೊತ್ತಿನಲ್ಲೂ ನಗು ಬಂತು. ಆಯಿತು ಎಂದು ತಲೆಯಾಡಿಸಿದಳು.

ಒಳಗೆ ಮೂವರಿದ್ದರು: ಅಧ್ಯಕ್ಷರು, ಕೈಯಲ್ಲಿ ಪೆನ್ನು ತಿರುಗಿಸುತ್ತಿದ್ದ ತೆಳ್ಳಗಿನ ಮಹಿಳೆ, ಮತ್ತು ಬಿಸ್ಕತ್ತಿನ ಹೊರತು ಬೇರೆ ಯಾವುದರಲ್ಲೂ ಆಸಕ್ತಿಯಿಲ್ಲದಂತೆ ಕಂಡ ಒಬ್ಬ ಹಿರಿಯರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಜಯಲತಾ ತನ್ನ ಪ್ರಶ್ನೆಯನ್ನು ಮೊದಲ ಸಾಲಿನಲ್ಲೇ ಇಟ್ಟಳು.

ಪೆನ್ನಿನ ಮಹಿಳೆ ತಕ್ಷಣ ಹಿಡಿದುಕೊಂಡರು. "ಇದರಲ್ಲಿ ಒಗಟೇನಿದೆ? ನಿಮ್ಮ ಡಬ್ಬಿಯವರು ನಾಳೆ ಮತ್ತೆ ಒಬ್ಬರ ಮುಖ ಒಬ್ಬರು ನೋಡಬೇಕು. ಆ ಹೆದರಿಕೆಗೆ ಮಾತು ಉಳಿಸಿಕೊಳ್ಳುತ್ತಾರೆ. ಮತ್ತೆಂದೂ ಭೇಟಿಯಾಗದವರ ನಡುವೆ ಇದು ನಡೆಯುವುದಿಲ್ಲ. ಹಾಗಿದ್ದರೆ ಅಧ್ಯಯನ ಯಾಕೆ?"

ಎರಡು ವರ್ಷ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಅದೇ. ಸಿದ್ಧಪಡಿಸಿದ ಉತ್ತರವನ್ನು ಅವಳು ಶುರುಮಾಡಹೊರಟಳು. ಆಗ ಹೊರಗಿನ ಗದ್ದಲ ನೆನಪಾಯಿತು.

"ನಡೆಯುತ್ತದೆ ಮೇಡಂ. ಈಗ ಹೊರಗೆ ಆದದ್ದು ಅದೇ ಗಲಾಟೆ. ಅಲ್ಲಿರುವವರು ಒಬ್ಬರಿಗೊಬ್ಬರು ಗೊತ್ತಿಲ್ಲ, ನಾಳೆ ಸಿಗುವುದೂ ಇಲ್ಲ. ಸಾಲದ್ದಕ್ಕೆ ಎಲ್ಲರೂ ಇದೇ ಅನುದಾನಕ್ಕೆ ಬಂದ ಪ್ರತಿಸ್ಪರ್ಧಿಗಳು. ಆದರೂ ನನ್ನ ಕುರ್ಚಿಗಾಗಿ ಜಗಳವಾಡಿದರು. ಯಾಕೆ ಅಂತ ನನಗೂ ಗೊತ್ತಿಲ್ಲ. ಅದಕ್ಕೇ ಅಧ್ಯಯನ ಬೇಕು."

ಅಧ್ಯಕ್ಷರು ಎದ್ದು ಹೋಗಿ ಬಾಗಿಲು ತೆರೆದರು. ಹೊರಗೆ ಗೋಡೆಯುದ್ದಕ್ಕೂ ಜನ ನಿಂತಿದ್ದರು. ಅವರ ನಡುವೆ ಒಂದು ಕುರ್ಚಿ ಖಾಲಿಯಿತ್ತು.

"ಯಾಕೆ ನಿಂತಿದ್ದೀರಿ? ಕುರ್ಚಿ ಇದೆಯಲ್ಲ" ಎಂದರು ಅಧ್ಯಕ್ಷರು, ಹತ್ತಿರವಿದ್ದವನಿಗೆ.

"ಅದು ಬುಕ್ ಆಗಿದೆ ಸರ್. ಪುಣೆಯ ಸಾಹೇಬರು ಟಾಯ್ಲೆಟ್ಟಿಗೆ ಹೋಗಿದ್ದಾರೆ."

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆನ್ನಿನ ಮಹಿಳೆ ಏನನ್ನೋ ಬರೆದುಕೊಂಡರು. ಜಯಲತಾಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಬಿಸ್ಕತ್ತಿನ ಹಿರಿಯರು ಕೈ ಒರೆಸಿಕೊಂಡು ಬಾಯಿ ತೆರೆದರು.

"ಎಲ್ಲ ಚಂದ. ಆದರೆ ಇದನ್ನು ಶುರು ಮಾಡಿದ್ದೇ ನೀವು. ಟ್ರೇನಿನಲ್ಲೂ ನಿಮಗೆ ದಿನಾ ಸೀಟು ಬೇಕು. ಆಟ ಆಡುವವರೇ ತೀರ್ಪು ಕೊಟ್ಟರೆ ಹೇಗೆ ನಂಬುವುದು?"

"ನೀವು ಹೇಳುವುದು ಸರಿ ಸರ್, ನಾನು ಅದನ್ನು ಯೋಚಿಸಿರಲಿಲ್ಲ" ಎಂದಳು ಜಯಲತಾ. ಬರುವಾಗ ದಾರಿಯುದ್ದಕ್ಕೂ ಆ ಒಂದು ಪ್ರಶ್ನೆಯೇ ಕೊರೆಯುತ್ತಿತ್ತು.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಮಾರನೆಯ ದಿನ ಡಬ್ಬಿಯಲ್ಲಿ ಜನರನ್ನು ಸರಿಸಿಕೊಂಡು ಅವಳು ಕಿಟಕಿಯ ಹತ್ತಿರ ಬಂದಾಗ ಪಂಕಜಕ್ಕನಿಗೆ ಮುಖ ನೋಡಿಯೇ ತಿಳಿಯಿತು.

"ಸಿಕ್ತಾ?"

"ಸಿಕ್ಕಿತು ಪಂಕಜಕ್ಕ!"

ಪಂಕಜಕ್ಕ ಮಡಿಲಿನ ಬಟಾಣಿ ಚೆಲ್ಲಿದ್ದನ್ನೂ ಗಮನಿಸದೆ ಅವಳ ಎರಡೂ ಕೈ ಹಿಡಿದುಕೊಂಡಳು. ಅಕ್ಕಪಕ್ಕದವರಿಗೆ ಹಿಂದಿಯಲ್ಲಿ ಸಾರಿದಳು. ಇಡೀ ಸಾಲಿಗೆ ಸಂಭ್ರಮ, ಯಾರೋ ಪೇಡೆ ಕೇಳಿದರು. ಠಾಣೆಗೆ ಮುಂಚಿನ ಕಳವಾ ದಾಟಿತು. ಪಂಕಜಕ್ಕ ಚೀಲ ಹೆಗಲಿಗೇರಿಸಿ ಎದ್ದಳು. "ಬನ್ನಿ, ಬನ್ನಿ, ಇವತ್ತು ರಾಣಿ ಥರ ಕೂತ್ಕೊಳ್ಳಿ."

ಜಯಲತಾ ಅಲ್ಲಾಡಲಿಲ್ಲ. "ಕೂತ್ಕೊಳ್ಳುವ ಹಾಗಿಲ್ಲ."

"ಯಾಕ್ರೀ?"

"ಆ ಬಿಸ್ಕತ್ತಿನವರು ಒಂದು ಷರತ್ತು ಹಾಕಿದ್ದಾರೆ. ಪ್ರಾಜೆಕ್ಟು ಮುಗಿಯುವವರೆಗೆ ನಾನು ಯಾರ ಸೀಟನ್ನೂ ಕೇಳಬಾರದು, ಕೊಟ್ರೂ ತಗೊಳ್ಳಬಾರದು. ಎರಡು ವರ್ಷ ದಾದರಿನವರೆಗೆ ನಿಂತೇ. ಒಪ್ಪಿ ಸಹಿ ಹಾಕಿದೆ. ನಮ್ಮವರು ನೆನ್ನೆಯಿಂದ ನಗ್ತಾ ಇದ್ದಾರೆ, ಸರ್ಕಾರ ದುಡ್ಡು ಕೊಡುವುದು ಕೂತ್ಕೊಳ್ಳಿಕ್ಕೆ ಅಲ್ಲ, ನಿಂತ್ಕೊಳ್ಳಿಕ್ಕೆ ಅಂತ."

ಪಂಕಜಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ನಕ್ಕಳು, ನಗುನಗುತ್ತಲೇ ಆ ಹಿರಿಯರಿಗೆ ಮೈಸೂರಿನ ಬೈಗುಳ ಒಂದೆರಡು ಹಾಕಿದಳು. ಗಾಡಿ ನಿಧಾನವಾಗುತ್ತಿತ್ತು. ಡೊಂಬಿವಲಿಯ ಇನ್ನೊಬ್ಬ ಹುಡುಗಿ ಆಸೆಯಿಂದ ಖಾಲಿ ಸೀಟನ್ನೂ ಇವರಿಬ್ಬರನ್ನೂ ನೋಡುತ್ತಿದ್ದಳು. ಜಯಲತಾ ಅವಳಿಗೆ ದಾರಿ ಬಿಟ್ಟಳು. ಅಷ್ಟು ವರ್ಷಗಳ ತನ್ನ ಕಿಟಕಿಯಲ್ಲಿ ಬೇರೊಬ್ಬಳು ಕೂತದ್ದು ಕಂಡು, ಗೆದ್ದ ದಿನವೇ ಅವಳು ಮುಖ ಬೇರೆ ಕಡೆ ತಿರುಗಿಸಿ ಮೇಲಿನ ಹಿಡಿಕೆ ಹಿಡಿದುಕೊಂಡಳು.

ಬಾಗಿಲಿನತ್ತ ಹೊರಟಿದ್ದ ಪಂಕಜಕ್ಕ ನಿಂತಳು. ಹಿಂದಿನವರು ನೂಕುತ್ತಿದ್ದರೂ ಲೆಕ್ಕಿಸದೆ ತಿರುಗಿದಳು.

"ಎರಡು ವರ್ಷ ಅಂದ್ರಲ್ಲ? ನನ್ನ ರಿಟೈರ್‌ಮೆಂಟೂ ಆಗ್ಲೇ ಕಣ್ರೀ. ಪ್ರಾಜೆಕ್ಟ್ ಮುಗಿದ ಮಾರನೇ ದಿನ ನಂಗೆ ಕೆಲಸ ಇರಲಿ, ಇಲ್ದಿರಲಿ, ಕಲ್ಯಾಣದಲ್ಲಿ ಹತ್ತಿ ಈ ಸೀಟು ಹಿಡ್ಕೊಂಡು ಬರ್ತೀನಿ. ಠಾಣೆಲಿ ಇಳೀತೀನಿ. ಅದು ನಿಮ್ಗೆ."

"ಪಂಕಜಕ್ಕ, ನಾನು ಕೇಳ್ಬಾರದು..."

"ನೀವೆಲ್ಲಿ ಕೇಳಿದ್ರಿ?" ಎಂದು ಪಂಕಜಕ್ಕ ಜನರ ಜೊತೆ ಇಳಿದೇಬಿಟ್ಟಳು.

ಜಯಲತಾಳ ಕಣ್ಣು ತುಂಬಿತು. ಯಾವ ಲಾಭಕ್ಕೆ ಹೆಂಗಸು ಮಾತು ಕೊಡುತ್ತಾಳೆ ಎಂದು ಪ್ರಸ್ತಾವದಲ್ಲಿ ಕೇಳಿದ್ದವಳು ಅವಳೇ. ಕಣ್ಣೊರೆಸಲು ಕೈಗೆ ಬಿಡುವಿರಲಿಲ್ಲ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೇಲಿನ ಹಿಡಿಕೆ. ಕಿಟಕಿಯಲ್ಲಿ ಕೂತ ಹುಡುಗಿ ತಲೆಯೆತ್ತಿ, "ಆಂಟಿ, ಮೈ ಮುಲುಂಡ್ ಉತರ್ತಿ ಹೂಂ, ಚಾಹಿಯೇ?" ಎಂದು ತಾನು ಇಳಿದ ಮೇಲಿನ ಸೀಟನ್ನು ಕೊಡಲು ಬಂದಳು.

"ಬೇಡಮ್ಮ" ಎಂದಳು ಜಯಲತಾ. "ನಂದು ಬುಕ್ ಆಗಿದೆ."