ಚಕ್ರಕ್ಕೆ ಸಿಗದ ನಿಂಬೆಹಣ್ಣು

ಮೂರು ದಿನ ಕಳೆದರೆ ಆಷಾಢ. ಆಷಾಢದಲ್ಲಿ ಗಾಡಿಯನ್ನು ಮನೆಗೆ ತರುವಂತಿಲ್ಲ. ಶ್ರಾವಣದವರೆಗೆ ಕಾಯೋಣವೆಂದರೆ ನಯನಾಳ ಹೊಟ್ಟೆ ಕಾಯುವುದಿಲ್ಲ. ನಯನಾ ನನ್ನ ಮಗಳ ಮಗಳು, ಏಳು ತುಂಬಿದ ಬಸುರಿ. ಮಾಸು ಕೆಳಗೆ ಕೂತಿದೆ, ಅಲುಗಾಟ ಬೇಡ, ರಕ್ತ ಕಂಡರೆ ತಡಮಾಡದೆ ಕರೆತನ್ನಿ ಎಂದು ಹೆಬ್ಬಾಳದ ಡಾಕ್ಟರಮ್ಮ ಹೇಳಿದ್ದರು. ಒಂದು ಸಲ ಕಂಡೂ ಆಗಿತ್ತು. ಅವತ್ತು ಬಾಗಲೂರಿನಿಂದ ಆಟೋದಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವಳು ನಾನು. ಒಂದೊಂದು ಗುಂಡಿಗೂ ಅವಳು ನನ್ನ ಕೈ ಹಿಚುಕುತ್ತಿದ್ದಳು. ದಾರಿಯಲ್ಲಿ ಒಂದು ಅಂಡರ್‌ಪಾಸ್ ಸಿಗುತ್ತದೆ, ಜೋರು ಮಳೆಗೆ ತುಂಬಿಕೊಳ್ಳುತ್ತದೆ. ಅವತ್ತು ಮಳೆ ಇರಲಿಲ್ಲ, ಪುಣ್ಯ.

ಅದಕ್ಕೇ ಅವಳ ಗಂಡ ಗೋಪಿ ಹಳೆಯ ಕಾರೊಂದನ್ನು ಹುಡುಕುತ್ತಿದ್ದ. ಎರಡೂವರೆ ಲಕ್ಷಕ್ಕೆ ಸಿಗುತ್ತಿದ್ದವೆಲ್ಲ ಮುದಿ ಗಾಡಿಗಳು. ಒಂದರ ತಳ ತುಕ್ಕು ಹಿಡಿದಿತ್ತು, ಇನ್ನೊಂದು ಹೊಗೆ ಉಗುಳುತ್ತಿತ್ತು. ಆಮೇಲೆ ಬಾಗಲಗುಂಟೆಯಲ್ಲಿ ಹಳೇ ಕಾರು ಮಾರುವ ಬೈರಣ್ಣ ಸಿಕ್ಕಿದ. ಅವನ ಹತ್ತಿರ ಐದು ವರ್ಷದ ಬಿಳಿ ಕಾರು ಅದೇ ದುಡ್ಡಿಗೆ ಇತ್ತು. ಫೋನಿನಲ್ಲಿ ಊರು ಕೇಳಿದವನೇ, "ಬಾಗಲೂರಾ? ನಮ್ಮ ಮನೆಯವಳ ತವರು ಕಣ್ರೀ ಅದು. ನಾನು ನಿಮ್ಮೂರ ಅಳಿಯ," ಅಂದನಂತೆ.

ಅಲ್ಲಿಗೆ ಗೋಪಿ ಕರಗಿಹೋದ, ಅಡ್ವಾನ್ಸೂ ಕೊಟ್ಟ. ಯಲಹಂಕದ ಮೆಕ್ಯಾನಿಕ್ ಮುನಿಆಂಜಿನಪ್ಪನಿಗೆ ಬರಲು ಹೇಳಿದ್ದವನು, ಬೇಡ ಎಂದು ಫೋನು ಮಾಡಿದ.

"ಕುರಿ ಕೊಳ್ಳೋಕ್ ಹೋದ್ರೂ ಹಲ್ಲು ಹಿಡಿದು ನೋಡ್ತಾರಲ್ಲಪ್ಪ," ಅಂದೆ.

"ಕಾರಿಗೆ ಹಲ್ಲಿರಲ್ಲ ಅಜ್ಜಿ. ನಮ್ಮೂರ ಹೆಣ್ಣು ತಗೊಂಡೋರ ಹತ್ರ ಮೆಕ್ಯಾನಿಕ್‌ನ ಕರ್ಕೊಂಡ್ ಹೋದ್ರೆ ಏನನ್ಕೋತಾರೆ? ನಂಬಿಕೆ ಇಲ್ಲ ಅಂದಂಗಾಗುತ್ತೆ."

ಅವನು ನೋಡಿದ್ದು ನಂಬರು ಪ್ಲೇಟು ಮಾತ್ರ. ಅಂಕಿ ಕೂಡಿದರೆ ಒಂಬತ್ತು ಬರುತ್ತಿತ್ತು. ಎಂಟು ಬಂದಿದ್ದರೆ ಬಿಟ್ಟಿಯಾಗಿ ಕೊಟ್ಟರೂ ತರುತ್ತಿರಲಿಲ್ಲ.

ಗುರುವಾರ ಹನ್ನೆರಡೂವರೆಗೆ ನಾವು ಮೂವರೂ ಅಲ್ಲಿದ್ದೆವು. ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಗಾಡಿ ಹೊರಡಬೇಕು. ಹೆಸರಘಟ್ಟದ ಕಡೆಯಿಂದ ಮೋಡ ಏರಿ ಬರುತ್ತಿತ್ತು, ನಡು ಮಧ್ಯಾಹ್ನವೇ ಸಂಜೆಯಂತಾಗಿತ್ತು. ತಗಡಿನ ಚಪ್ಪರದ ಕೆಳಗೆ ಆ ಬಿಳಿ ಕಾರು ಒಂದೇ ಬೇರೆಯಾಗಿ ನಿಂತಿತ್ತು. ಸೀಟಿಗೆ ಹೊಸ ಕವರು, ಕಾಲಡಿಗೆ ಹೊಸ ಮ್ಯಾಟು. ಬೈರಣ್ಣ ಒಳಗೆ ಎರಡು ಕಟ್ಟು ಊದುಬತ್ತಿ ಹಚ್ಚಿಟ್ಟಿದ್ದ.

"ಬರ್ರಮ್ಮ, ತವರಿನೋರು ಬಂದಂಗಾಯ್ತು," ಅಂದ. ನಯನಾಳ ಹೊಟ್ಟೆಯ ಮೇಲೆ ಒಂದು ಗಳಿಗೆ ಅವನ ಕಣ್ಣು ನಿಂತಿತು. "ಎಷ್ಟು ತಿಂಗ್ಳು?"

"ಏಳು."

"ಓ," ಅಂದು ಬೇರೆ ಕಡೆ ತಿರುಗಿದ. "ಹೆಚ್ಚಾಗಿ ಬಿಸಿಲಲ್ಲೇ ಓಡಿಸಿ ಗುರು. ಮಳೆಯಲ್ಲಿ ಯಾಕೆ ಸುಮ್ನೆ."

ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಆಗ ಗೋಪಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಜ್ಜಿ, ನೀವು ಹಿಂದಿನ ಸೀಟಲ್ಲಿ ಕೂತ್ಕೊಂಬಿಡಿ," ಅಂದ. ಅರ್ಥವಾಯಿತು. ಗಂಡ ತೀರಿದವಳು ಪೂಜೆಯ ಹೊತ್ತಿನಲ್ಲಿ ಗಾಡಿಗೆ ಎದುರಾಗಿ ನಿಲ್ಲಬಾರದು. ಇಪ್ಪತ್ತೆರಡು ವರ್ಷದಿಂದ ಮದುವೆ, ಸೀಮಂತ, ಗೃಹಪ್ರವೇಶ ಎಲ್ಲದರಲ್ಲೂ ನಾನು ಹಿಂದಿನ ಸಾಲಿನವಳು. ನಯನಾಗೆ ಸಿಟ್ಟು ಬಂತು.

"ಯಾಕೆ, ಅಜ್ಜಿ ನಿಂತ್ರೆ ಇಂಜಿನ್ ಬಿದ್ದೋಗುತ್ತಾ?"

"ಸುಮ್ನಿರು ಮಗಾ, ನನಗೂ ಕಾಲು ನೋವು," ಅಂದು ನಾನು ಹೋಗಿ ಬಲಗಡೆ ಕೂತೆ. ಅವಳೂ ಎಡಗಡೆಯಿಂದ ಹತ್ತಿ ನನ್ನ ಪಕ್ಕ ಕೂತಳು.

ಕೂತ ಕೂಡಲೇ ಊದುಬತ್ತಿಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಸಿಕ್ಕಿತು. ಹುಡುಗಿಯಾಗಿದ್ದಾಗ ಬೇಸಿಗೆಯಲ್ಲಿ ಕೆರೆ ಒಣಗಿದರೆ ಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದವಳು ನಾನು. ತಲೆಯ ಮೇಲಿನ ಮಂಕರಿಯಿಂದ ಆ ಕಪ್ಪು ಮಣ್ಣಿನ ನೀರು ಕೆನ್ನೆಗಿಳಿಯುತ್ತಿತ್ತು. ಎಷ್ಟು ವರ್ಷವಾದರೂ ಆ ವಾಸನೆ ಮರೆಯುವಂಥದ್ದಲ್ಲ.

"ಬೆಲ್ಟ್ ಹಾಕ್ಕೋ ಅಜ್ಜಿ," ಎಂದಳು ನಯನಾ. ನಾನು ಯಾವತ್ತೂ ಹಾಕಿದವಳಲ್ಲ. ಎಲ್ಲರೂ ಎದೆಯವರೆಗೆ ಎಳೆದು ಸಿಕ್ಕಿಸುತ್ತಾರೆ, ನಾನು ತಿಳಿಯದೆ ಎಳೆಯುತ್ತಲೇ ಹೋದೆ. ಮೇಲಿನದು ಹೊಸದರಂತೆ ಕಪ್ಪಗಿತ್ತು. ಕೊನೆಯ ಒಂದು ಮೊಳ ಕಂದು ಬಣ್ಣಕ್ಕೆ ತಿರುಗಿ ಗಡುಸಾಗಿತ್ತು. ಮಡಿಕೆಯಲ್ಲಿ ಉಗುರಾಡಿಸಿದರೆ ಸಣ್ಣ ಪುಡಿ ಉದುರಿತು. ಬೆರಳಲ್ಲಿ ತಿಕ್ಕಿ ನೋಡಿದೆ, ಗೋಡು.

ಆಮೇಲೆ ಬಾಗಿಲಿನ ಕಡೆ ತಿರುಗಿದೆ. ಗಾಜಿನ ಅಂಚಿನ ಕಪ್ಪು ರಬ್ಬರು ಮೇಲಿನ ಮೂಲೆಯಲ್ಲಿ ಕಿತ್ತುಹೋಗಿತ್ತು. ಸವೆದದ್ದಲ್ಲ. ಒಳಗಿನಿಂದ ಯಾರೋ ಉಗುರು ಹಾಕಿ ಕಿತ್ತಹಾಗೆ ಸಾಲು ಸಾಲು ಗೀರು.

"ಗೋಪಿ, ಇಲ್ಲಿ ಬಾಪ್ಪ," ಎಂದು ಬಾಗಿಲು ಅರೆ ತೆರೆದು ಕರೆದೆ. "ಈ ಗಾಡಿ ನೀರಲ್ಲಿ ಮುಳುಗಿತ್ತು."

ಬೈರಣ್ಣನೇ ಮೊದಲು ಬಂದ. "ವಾಟರ್ ವಾಶ್ ಮಾಡ್ಸಿದ್ವಿ ಅಜ್ಜಿ, ಅದ್ರ ಕಲೆ."

"ವಾಟರ್ ವಾಶಿಗೆ ಕೆರೆ ಗೋಡು ಹಾಕ್ತಾರೇನಪ್ಪ? ಈ ರಬ್ಬರು ಯಾಕೆ ಹಿಂಗಿದೆ?"

"ಓನರ್ ಮನೇಲಿ ನಾಯಿ ಇತ್ತು." ಕೇಳುವ ಮೊದಲೇ ಉತ್ತರ ಸಿದ್ಧವಾಗಿತ್ತು. "ಅವ್ರೀಗ ಬೆಂಗ್ಳೂರಲ್ಲೇ ಇಲ್ಲ."

ಗೋಪಿ ಗಡಿಯಾರ ನೋಡಿದ. ಒಂದು ಹದಿನೈದು. "ಅಜ್ಜಿ, ಒಳ್ಳೆ ಗಳಿಗೇಲಿ ಮುಳುಗಿತ್ತು ಗಿಳುಗಿತ್ತು ಅನ್ಬೇಡಿ. ಬಾಯಲ್ಲಿ ಬಂದಿದ್ದು ಆಗ್ಬಿಡುತ್ತೆ." ಅವನು ಮುಂದಿನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದ. ಇಂಜಿನು ಒಂದು ಸಲ ಕೆಮ್ಮಿ ಹತ್ತಿಕೊಂಡಿತು.

ಹುಡುಗ ಕೆಟ್ಟವನಲ್ಲ. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಇದು ಕೈತಪ್ಪಿದರೆ ಮತ್ತೆ ಆ ಆಟೋ ಎಂದು ಹೆದರಿದ್ದ. ನನ್ನ ಮಾತು ಅವನ ಕಿವಿಗೆ ಇಳಿಯುವುದಿಲ್ಲ ಎಂದು ತಿಳಿಯಿತು. ಅವನು ಯಾವುದಕ್ಕೆ ಹೆದರುತ್ತಾನೆ ಎಂಬುದೂ ತಿಳಿದಿತ್ತು.

ನಾನು ಇಳಿದು ಬಾಗಿಲು ಮುಚ್ಚಿದೆ. ಸೆರಗು ಸರಿಮಾಡಿಕೊಂಡು ಕಾರಿನ ಮುಂದೆ, ಹಾರಕ್ಕೂ ಕರ್ಪೂರಕ್ಕೂ ಎದುರಾಗಿ, ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ನಡೆದೆ. ಮತ್ತೆ ತಿರುಗಿ ಬಂದು ನಡುವೆ ನಿಂತೆ. ಇಪ್ಪತ್ತೆರಡು ವರ್ಷ ಯಾವ ಶುಭಕ್ಕೂ ಅಡ್ಡ ಹೋಗದವಳು, ಅವತ್ತು ಬೇಕೆಂದೇ ಹೋದೆ.

ಗೋಪಿ ಮೊದಲು ಹಾರನ್ ಹೊಡೆದ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು. ಇಂಜಿನು ಓಡುತ್ತಿದ್ದ ಹಾಗೆಯೇ ಬಿಟ್ಟು ಇಳಿದು ಬಂದ, ಅವನ ಹಿಂದೆಯೇ ಬಾಗಿಲು ಧಡಾರನೆ ಮುಚ್ಚಿತು.

"ಏನ್ ಮಾಡ್ಬಿಟ್ರಿ ಅಜ್ಜಿ. ಬೇಕು ಅಂತ್ಲೇ ಮಾಡಿದ್ರಾ?"

"ಹೂಂ. ಬೇಕು ಅಂತ್ಲೇ."

ಅವನು ಇನ್ನೇನೋ ಹೇಳುವುದರೊಳಗೆ ಕಾರಿನಿಂದ ಟಕ್ ಎಂದು ಸದ್ದು ಬಂತು. ನಾಲ್ಕೂ ಬಾಗಿಲು ತಾವಾಗಿಯೇ ಬಿಗಿದುಕೊಂಡವು.

ಕೀಲಿ ಒಳಗೆ, ನಯನಾ ಒಳಗೆ. ಅವಳು ತನ್ನ ಬಾಗಿಲಿನ ಹಿಡಿ ಎಳೆದಳು, ಬರಲಿಲ್ಲ. ಗಾಜು ಇಳಿಸುವ ಗುಂಡಿ ಒತ್ತಿದಳು, ಇಳಿಯಲಿಲ್ಲ. ಗೋಪಿ ಹೊರಗಿನಿಂದ ಒಂದೊಂದು ಬಾಗಿಲನ್ನೂ ಜಗ್ಗಿದ. ನಾನು ಬಲಗಡೆಯ ಗಾಜಿಗೆ ಅಂಗೈ ಇಟ್ಟೆ. ಅವಳು ಹೊಟ್ಟೆ ಹಿಡಿದುಕೊಂಡು ನನ್ನ ಕಡೆ ಸರಿದು ಬಂದಳು. ಬಾಯಿ ಆಡುತ್ತಿತ್ತು, ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಗಾಜನ್ನು ಕೆಳಗೆ ದಬ್ಬಲು ಅವಳ ಬೆರಳುಗಳು ಮೇಲಿನ ಮೂಲೆಗೆ ಹೋದವು. ಅದೇ ರಬ್ಬರಿಗೆ. ಅದೇ ಗೀರುಗಳ ಮೇಲೆ ಅವಳ ಉಗುರುಗಳು ಸರಿಯಾಗಿ ಕೂತವು.

ಆಗ ಬೈರಣ್ಣನನ್ನು ನೋಡಿದೆ. ಅವನು ಗಾಬರಿಯಾಗಿರಲಿಲ್ಲ. ಕಲ್ಲು ಹುಡುಕಲಿಲ್ಲ, ಯಾರನ್ನೂ ಕೂಗಲಿಲ್ಲ. ಪ್ಯಾಂಟಿನ ಹಿಂದಿನ ಜೇಬಿನಿಂದ ತೆಳ್ಳನೆಯ ಕಬ್ಬಿಣದ ಪಟ್ಟಿಯೊಂದನ್ನು ತೆಗೆದ. ಬಳಸಿ ಬಳಸಿ ಅದರ ಅಂಚು ಹೊಳೆಯುತ್ತಿತ್ತು. ಮುಂದಿನ ಎಡ ಬಾಗಿಲಿಗೇ ನೇರ ಹೋಗಿ, ಗಾಜಿನ ಸಂದಿಯಲ್ಲಿ ತೂರಿಸಿ, ಎರಡು ಸಲ ತಿರುವಿದ. ಬಾಗಿಲು ತೆರೆಯಿತು.

ಗೋಪಿ ಒಳಗೆ ಕೈ ಹಾಕಿ ಹಿಂದಿನ ಬಾಗಿಲನ್ನೂ ಬಿಡಿಸಿ ಅವಳನ್ನು ಇಳಿಸಿಕೊಂಡ. ಅವಳು ಬೆವೆತುಹೋಗಿದ್ದಳು.

"ರಕ್ತ ಏನಾದ್ರೂ?" ಎಂದು ಕೇಳಿದೆ.

"ಇಲ್ಲ ಅಜ್ಜಿ. ಮಗು ಒದೀತಿದೆ."

ಗೋಪಿಯ ಕಣ್ಣು ಆ ಪಟ್ಟಿಯ ಮೇಲಿತ್ತು. "ಬೈರಣ್ಣ," ಅಂದ, ದನಿ ಸಣ್ಣಗಾಗಿತ್ತು, "ಇದು ನಿಮ್ಮ ಜೇಬಲ್ಲೇ ಯಾಕಿತ್ತು?"

ಬೈರಣ್ಣ ಪಟ್ಟಿಯನ್ನು ಒರೆಸಿ ಜೇಬಿಗೆ ಸೇರಿಸಿದ. "ಅಪಶಕುನ ಆದ್ಮೇಲೆ ನಾನೂ ಬಲವಂತ ಮಾಡಲ್ಲ. ಅಡ್ವಾನ್ಸ್ ಮಾತ್ರ ವಾಪಸ್ ಬರಲ್ಲ ಗುರು."

ಗೋಪಿ ಅಡ್ವಾನ್ಸಿನ ಮಾತೇ ಎತ್ತಲಿಲ್ಲ. ಹೆಂಡತಿಯ ಭುಜ ಬಿಡದೆ ಗೇಟಿನ ಕಡೆ ನಡೆಸಿದ. ಟ್ಯಾಕ್ಸಿಗೆ ಫೋನು ಮಾಡುತ್ತಲೇ, ನನ್ನ ಮುಖ ನೋಡದೆ ತನ್ನ ಕೊಡೆಯನ್ನು ನನ್ನ ಕೈಗೆ ಕೊಟ್ಟ. ಆಮೇಲೆ ಮುನಿಆಂಜಿನಪ್ಪನಿಗೂ ಫೋನು ಮಾಡಿ, ನಾಳೆ ಬಿಡುವಿದೆಯಾ, ಯಾವ ಗಾಡಿಯಾದರೂ ನೀವೇ ನೋಡಬೇಕು ಎಂದ.

ನಾನು ಒಬ್ಬಳೇ ವಾಪಸು ಹೋದೆ.

"ಬೈರಣ್ಣ, ಅದರೊಳಗೆ ಯಾರಿದ್ರಪ್ಪ?"

ಅವನು ಹಾರ ಬಿಚ್ಚುತ್ತಿದ್ದ. "ನನಗೆ ಬಂದಾಗ ಖಾಲಿ ಇತ್ತು ಅಜ್ಜಿ," ಅಂದ.

ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ಅವನ ಫೋನು ಹೊಡೆದುಕೊಂಡಿತು. "ಹೂಂ ಬರ್ರೀ, ಇದೆ, ಬಿಳೀದೇ. ಯಾವೂರು ನಿಮ್ದು? ಶೆಟ್ಟಿಹಳ್ಳಿನಾ? ಅಯ್ಯೋ, ನಮ್ಮಕ್ಕನ್ನ ಕೊಟ್ಟಿರೋ ಊರು ಕಣ್ರೀ," ಎನ್ನುತ್ತಲೇ ಅವನು ಮಂಡಿಯೂರಿದ. ಒಂದೊಂದೇ ಚಕ್ರದ ಮುಂದಿನಿಂದ, ಇನ್ನೂ ಒಡೆಯದ ನಾಲ್ಕು ನಿಂಬೆಹಣ್ಣು ಆರಿಸಿ, ಧೂಳು ಒರೆಸಿ, ತಟ್ಟೆಗೆ ಇಟ್ಟುಕೊಂಡ.